ಮೊಲದ ಗರ್ಭಕೋಶ ಮತ್ತು ಹಾರ್ಮೋನಿನ ಕರೆ

ಮೊಲ ಬೇಗ ಬೇಗ ಮರಿ ಹಾಕುವ ಪ್ರಾಣಿ ಎಂದು ನಾವೆಲ್ಲ ಬಲ್ಲೆವು. ಆದರೆ ಪ್ರತಿ ಸಲವೂ ಭ್ರೂಣ ಬಂದು ಸೇರುವ ಹೊತ್ತಿಗೆ ಗರ್ಭಕೋಶ ಸಿದ್ಧವಾಗಿರಬೇಕು. ಆ ಸಿದ್ಧತೆ ತಪ್ಪಿದರೆ ಭ್ರೂಣ ಉಳಿಯುವುದಿಲ್ಲ. ಈ ಸಿದ್ಧತೆ ಹೇಗೆ ನಡೆಯುತ್ತದೆ?

ಹೆಣ್ಣು ಮೊಲದಲ್ಲಿ ಅಂಡಗಳು ತಾವಾಗಿಯೇ ಬಿಡುಗಡೆಯಾಗುವುದಿಲ್ಲ. ಗಂಡಿನೊಡನೆ ಕೂಡಿದ ಮೇಲೆ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ರಕ್ತಕ್ಕೆ ಸೇರಿ, ಸುಮಾರು 10ರಿಂದ 12 ಗಂಟೆಗಳಲ್ಲಿ ಅಂಡಗಳು ಹೊರಬರುತ್ತವೆ. ಆದ್ದರಿಂದ ಬಸಿರಿನ ದಿನಗಳನ್ನು ಕರಾರುವಾಕ್ಕಾಗಿ ಎಣಿಸಬಹುದು. ಸಂಶೋಧಕರು ಮೊಲವನ್ನು ಆರಿಸಿಕೊಂಡುದಕ್ಕೆ ಇದೊಂದು ಮುಖ್ಯ ಕಾರಣ.

ಅಂಡ ಹೊರಬಿದ್ದ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ಪುಟ್ಟ ಗ್ರಂಥಿ ಬೆಳೆಯುತ್ತದೆ. ಇದನ್ನು ತೆಗೆದುಹಾಕಿದರೆ ಮೊಲದ ಬಸಿರು ನಿಲ್ಲುವುದಿಲ್ಲವೆಂದು ಜರ್ಮನಿಯ ಲುಡ್ವಿಗ್ ಫ್ರೆಂಕೆಲ್ 1903ರಲ್ಲಿ ವರದಿ ಮಾಡಿದರು. 1929ರಲ್ಲಿ ಅಮೆರಿಕದ ಜಾರ್ಜ್ ಕಾರ್ನರ್ ಮತ್ತು ವಿಲ್ಲರ್ಡ್ ಆಲೆನ್ ಅಂಡಾಶಯ ತೆಗೆದ ಮೊಲಗಳಿಗೆ ಆ ಗ್ರಂಥಿಯ ಸಾರವನ್ನು ಚುಚ್ಚಿ ಬಸಿರನ್ನು ಉಳಿಸಿದರು. ಅದರಲ್ಲಿದ್ದ ಹಾರ್ಮೋನೇ ಪ್ರೊಜೆಸ್ಟರಾನ್.

ಪ್ರೊಜೆಸ್ಟರಾನ್ ಗರ್ಭಕೋಶದಲ್ಲಿ ಏನು ಮಾಡುತ್ತದೆ? 1967–68ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಮೊಲದ ಗರ್ಭಕೋಶದ ದ್ರವದಲ್ಲಿ ಒಂದೇ ಪ್ರೋಟೀನನ್ನು ಗುರುತಿಸಿದವು. ಅಮೆರಿಕದ ಕೃಷ್ಣನ್ ಮತ್ತು ಡೇನಿಯಲ್ ಅದನ್ನು ಬ್ಲಾಸ್ಟೊಕೈನಿನ್ ಎಂದರು. ಜರ್ಮನಿಯ ಬೈಯರ್ ಯುಟೆರೊಗ್ಲಾಬಿನ್ ಎಂದರು. ಈ ಎರಡನೆಯ ಹೆಸರೇ ಹೆಚ್ಚು ಬಳಕೆಗೆ ಬಂತು.

ಇದು ಚಿಕ್ಕ ಪ್ರೋಟೀನು. ತಲಾ 70 ಅಮೈನೊ ಆಮ್ಲಗಳ ಎರಡು ಸರಪಣಿಗಳು ಜೋಡಿಯಾಗಿ ನಿಂತಿವೆ. ಮೂರನೆಯ ದಿನದ ಹೊತ್ತಿಗೆ ಭ್ರೂಣ ಗರ್ಭಕೋಶಕ್ಕೆ ಇಳಿಯುತ್ತದೆ. ಆಗಿನಿಂದಲೇ ಈ ಪ್ರೋಟೀನು ಏರತೊಡಗುತ್ತದೆ. ಐದನೆಯ ದಿನದ ಸುಮಾರಿಗೆ ಗರ್ಭಕೋಶದ ದ್ರವದಲ್ಲಿರುವ ಪ್ರೋಟೀನಿನ ಹೆಚ್ಚುಕಡಿಮೆ ಅರ್ಧ ಭಾಗ ಇದೇ ಆಗಿರುತ್ತದೆ. ಏಳನೆಯ ದಿನ ಭ್ರೂಣ ಗರ್ಭಕೋಶದ ಗೋಡೆಗೆ ಅಂಟುತ್ತದೆ. ಆಮೇಲೆ ಪ್ರೋಟೀನಿನ ಪ್ರಮಾಣ ಇಳಿಯುತ್ತದೆ.

ಹಾರ್ಮೋನಿನ ಕೆಲಸ ಹೀಗೆ: ಪ್ರೊಜೆಸ್ಟರಾನ್ ಗರ್ಭಕೋಶದ ಒಳಪದರದ ಜೀವಕೋಶವನ್ನು ಹೊಕ್ಕು ತನ್ನ ಗ್ರಾಹಕಕ್ಕೆ ಅಂಟುತ್ತದೆ. ಇವೆರಡೂ ಸೇರಿ ಯುಟೆರೊಗ್ಲಾಬಿನ್ನಿನ ವಂಶವಾಹಿಯನ್ನು ಕೆಲಸಕ್ಕೆ ಹಚ್ಚುತ್ತವೆ. ಗ್ರಾಹಕಗಳನ್ನು ಮೊದಲೇ ಹೆಚ್ಚಿಸಿಡುವುದು ಈಸ್ಟ್ರೋಜನ್. ಆದರೆ ಹೊತ್ತು ಮುಖ್ಯ. ಕೂಡಿದ ಮೇಲೆ ಹೊರಗಿನಿಂದ ಈಸ್ಟ್ರೋಜನ್ ಕೊಟ್ಟರೆ ಸ್ರಾವ ತಡವಾಗುತ್ತದೆ. ಭ್ರೂಣ ಮುಂದೆ, ಗರ್ಭಕೋಶ ಹಿಂದೆ ಎಂಬಂತಾಗಿ ಬಸಿರು ಕೈತಪ್ಪುತ್ತದೆ.

ಇದೇ ಪ್ರೋಟೀನು ಶ್ವಾಸಕೋಶದಲ್ಲೂ ಸ್ರವಿಸುತ್ತದೆ. ಅಲ್ಲಿ ಅದನ್ನು ಹೆಚ್ಚಿಸುವುದು ಕಾರ್ಟಿಸಾಲ್ ಬಗೆಯ ಹಾರ್ಮೋನುಗಳು. ವಂಶವಾಹಿ ಒಂದೇ, ಅಂಗ ಬೇರೆ, ಅಪ್ಪಣೆ ಕೊಡುವವರೂ ಬೇರೆ.

ಹಾಗಾದರೆ ಬಸಿರಿಗೆ ಈ ಪ್ರೋಟೀನೇ ಆಧಾರವೇ? ಹಾಗೆನ್ನಲಾಗದು. ಈ ವಂಶವಾಹಿ ಇಲ್ಲದಂತೆ ಮಾಡಿದ ಇಲಿಗಳೂ ಮರಿ ಹಾಕಿದವು. ಇಲಿಯ ಮಾತು ಮೊಲಕ್ಕೆ ಪೂರ್ತಿ ಒಪ್ಪದಿರಬಹುದು. ಆದರೂ ಒಂದು ವಸ್ತು ಹೇರಳವಾಗಿದೆ ಎಂದಮಾತ್ರಕ್ಕೆ ಅದು ಅನಿವಾರ್ಯ ಎನ್ನಬಾರದೆಂಬ ಎಚ್ಚರಿಕೆ ಇದರಲ್ಲಿದೆ.

ಮೊಲ ಕಲಿಸಿದ ಮುಖ್ಯ ಪಾಠ ಮಾತ್ರ ಉಳಿದಿದೆ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಇಂದು ವೈದ್ಯರು ತಾಯಿಗೆ ಪ್ರೊಜೆಸ್ಟರಾನ್ ಕೊಡುವುದೂ ಭ್ರೂಣ ಬರುವ ಹೊತ್ತಿಗೆ ಗರ್ಭಕೋಶ ಸಿದ್ಧವಾಗಿರಲಿ ಎಂದೇ.