ವಿಡಿಯೋ ನಿಲ್ಲಿಸಿ, ಮೇಣದಬತ್ತಿ ಉರಿಸಿ

“ನನಗೇ ಶಾಲೆಯಲ್ಲಿ ವಿಜ್ಞಾನ ತಲೆಗೆ ಹತ್ತಲಿಲ್ಲ, ಇನ್ನು ಮಗನಿಗೆ ಏನು ಹೇಳಿಕೊಡಲಿ? ಮೊಬೈಲಿನಲ್ಲಿ ವಿಡಿಯೋ ಹಾಕಿಕೊಡುತ್ತೇನೆ, ಅವನೇ ನೋಡಿ ಕಲಿಯುತ್ತಾನೆ.” ಗಡಿನಾಡಿನ ನಮ್ಮ ಮನೆಗಳಲ್ಲಿ ತಾಯಂದಿರ ಬಾಯಲ್ಲಿ ಆಗಾಗ ಕೇಳಿಬರುವ ಮಾತಿದು. ವಿಡಿಯೋ ತೋರಿಸುವುದು ಒಳ್ಳೆಯದೇ. ಆದರೆ ಮಗುವನ್ನು ಅದರ ಮುಂದೆ ಕೂರಿಸಿ ಅಡುಗೆಮನೆಗೆ ಹೊರಟುಹೋದರೆ, ಅದರಿಂದ ಸಿಗಬೇಕಾದ ಲಾಭದಲ್ಲಿ ಕಾಲುಭಾಗವೂ ಸಿಗುವುದಿಲ್ಲ.

ಪರದೆಯ ಮೂಲಕ ವಿಜ್ಞಾನ ಕಲಿಯುವುದು ನಮಗೇನೂ ಹೊಸದಲ್ಲ. 1990ರ ದಶಕದಲ್ಲಿ ದೂರದರ್ಶನದ ‘ಟರ್ನಿಂಗ್ ಪಾಯಿಂಟ್’ ಕಾರ್ಯಕ್ರಮವನ್ನು ನಮ್ಮ ಗಿರೀಶ ಕಾರ್ನಾಡರು ನಡೆಸಿಕೊಡುತ್ತಿದ್ದರು, ವೀಕ್ಷಕರ ಪ್ರಶ್ನೆಗಳಿಗೆ ಪ್ರೊ. ಯಶಪಾಲ್ ಉತ್ತರಿಸುತ್ತಿದ್ದರು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಮೇಲೇರಿತು. ಮರುವರ್ಷ ಕೇರಳದಲ್ಲಿ ವಿಕ್ಟರ್ಸ್ ವಾಹಿನಿ ಆರಂಭವಾಯಿತು. 2020ರ ಜೂನ್‌ನಲ್ಲಿ ಶಾಲೆಗಳು ಮುಚ್ಚಿದ್ದಾಗ ಅದೇ ವಾಹಿನಿಯ ‘ಫಸ್ಟ್ ಬೆಲ್’ ಪಾಠಗಳನ್ನು ಮಕ್ಕಳು ಮನೆಯಲ್ಲೇ ಕುಳಿತು ನೋಡಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡದಲ್ಲೂ ಪಾಠಗಳು ತಯಾರಾದವು. ಆ ದಿನಗಳಲ್ಲಿ ಮಗುವಿನ ಪಕ್ಕದಲ್ಲಿ ಕುಳಿತು ತಾವೂ ಪಾಠ ಕೇಳಿದ ಹೆತ್ತವರು ಎಷ್ಟೋ ಮಂದಿ.

ಪಕ್ಕದಲ್ಲಿ ಕುಳಿತುಕೊಳ್ಳುವುದು ಯಾಕೆ ಮುಖ್ಯ ಎಂಬುದಕ್ಕೆ ಒಂದು ಪ್ರಯೋಗವನ್ನೇ ತೆಗೆದುಕೊಳ್ಳೋಣ. ಮಕ್ಕಳ ವಿಜ್ಞಾನದ ವಿಡಿಯೋಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ತಟ್ಟೆಯಲ್ಲಿ ಮೇಣದಬತ್ತಿ ನಿಲ್ಲಿಸಿ, ಸುತ್ತ ನೀರು ಹಾಕಿ, ಬತ್ತಿ ಉರಿಸಿ ಗಾಜಿನ ಲೋಟ ಕವುಚಿ ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಜ್ವಾಲೆ ಆರಿ, ನೀರು ಲೋಟದೊಳಗೆ ಏರುತ್ತದೆ. “ಆಮ್ಲಜನಕ ಸುಟ್ಟುಹೋಯಿತು, ಅದರ ಜಾಗಕ್ಕೆ ನೀರು ಬಂತು” ಎಂದು ಹಲವು ವಿಡಿಯೋಗಳು ಹೇಳಿ ಮುಗಿಸುತ್ತವೆ. ನಾವೂ ಶಾಲೆಯಲ್ಲಿ ಹಾಗೆಯೇ ಬರೆದು ಅಂಕ ಪಡೆದಿದ್ದೇವೆ!

ಈಗ ವಿಡಿಯೋ ನಿಲ್ಲಿಸಿ ಅದನ್ನು ಮನೆಯಲ್ಲೇ ಮಾಡಿ. ನಮ್ಮ ಮನೆಗಳಲ್ಲಿ ಮೇಣದಬತ್ತಿಗೆ ಬರವಿಲ್ಲವಷ್ಟೆ. ನೀರಿಗೆ ಚಿಟಿಕೆ ಅರಸಿನ ಹಾಕಿದರೆ ಏರುವುದು ಚೆನ್ನಾಗಿ ಕಾಣುತ್ತದೆ. ಬೆಂಕಿಯ ಕೆಲಸ ದೊಡ್ಡವರ ಕೈಯಲ್ಲೇ ಇರಲಿ. ಲೋಟ ಕವುಚುವ ಮೊದಲು ಮಗುವನ್ನು ಕೇಳಿ: “ಏನಾಗಬಹುದು ಹೇಳು ಮಗಾ?” ಅದು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಕಣ್ಣು ಮಿಟುಕಿಸದೆ ನೋಡಿ. ಆಮ್ಲಜನಕ ಕಡಿಮೆಯಾಗುವುದೇ ಕಾರಣವಾಗಿದ್ದರೆ, ಬತ್ತಿ ಉರಿಯುತ್ತಿರುವಷ್ಟು ಹೊತ್ತೂ ನೀರು ಮೆಲ್ಲಮೆಲ್ಲನೆ ಏರಬೇಕಿತ್ತು. ಹಾಗಾಗುವುದಿಲ್ಲ. ಜ್ವಾಲೆ ಆರುತ್ತಿದ್ದಂತೆಯೇ ನೀರು ಸರ್ರನೆ ಮೇಲೇರುತ್ತದೆ. ಲೋಟ ಕವುಚುವಾಗ ಅಂಚಿನಿಂದ ಗುಳ್ಳೆಗಳು ಹೊರಬರುವುದೂ ಕೆಲವೊಮ್ಮೆ ಕಾಣುತ್ತದೆ.

ಮುಂದಿನ ಸಲ ಒಂದರ ಬದಲು ಮೂರು ಬತ್ತಿ ಉರಿಸಿ, ಅದೇ ಲೋಟ ಕವುಚಿ. ಲೋಟ ಅದೇ, ಅದರಲ್ಲಿ ಹಿಡಿಯುವ ಗಾಳಿಯೂ ಅಷ್ಟೇ, ಆದರೂ ನೀರು ಹೆಚ್ಚು ಎತ್ತರಕ್ಕೆ ಏರುತ್ತದೆ. ಮುಖ್ಯ ಕಾರಣ ಬಿಸಿ. ಜ್ವಾಲೆಯ ಬಿಸಿಗೆ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗಿರುತ್ತದೆ. ಬತ್ತಿ ಆರಿದೊಡನೆ ಒಳಗೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಮೂರು ಬತ್ತಿಗಳಿದ್ದರೆ ಬಿಸಿ ಹೆಚ್ಚು, ಹೊರಹೋಗುವ ಗಾಳಿಯೂ ಹೆಚ್ಚು. ಬತ್ತಿ ಆರಿದಾಗಲೂ ಲೋಟದೊಳಗೆ ಆಮ್ಲಜನಕ ಬಹಳಷ್ಟು ಉಳಿದಿರುತ್ತದೆ, ಉರಿಯಲು ಅದು ಸಾಲದು ಅಷ್ಟೆ. ಗಾಜಿನ ಒಳಮೈಯಲ್ಲಿ ಮಂಜಿನಂತೆ ಕೂರುವ ತೇವವನ್ನೂ ತೋರಿಸಿ. ಮೇಣ ಉರಿದು ಹುಟ್ಟಿದ ನೀರು ಅದು. ಬೆಂಕಿಯಿಂದ ನೀರು ಎಂದರೆ ಯಾವ ಮಗುವಿಗೆ ಆಶ್ಚರ್ಯವಾಗದು?

ಈ ಮೇಣದಬತ್ತಿಗೆ ದೊಡ್ಡ ಇತಿಹಾಸವೂ ಇದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ 1860ರ ಕ್ರಿಸ್ಮಸ್ ರಜೆಯ ಸಮಯದಲ್ಲಿ ಮಕ್ಕಳಿಗಾಗಿ ಆರು ಉಪನ್ಯಾಸ ಮಾಡಿದರು. ವಿಷಯ ಒಂದೇ, ಮೇಣದಬತ್ತಿ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಮಾಡುತ್ತಾ ವಿಜ್ಞಾನ ಕಲಿತವರು ಅವರು. ಹೆಚ್ಚು ಓದಿಲ್ಲವೆಂದು ಹಿಂಜರಿಯುವ ಹೆತ್ತವರು ಅವರ ಕಥೆಯನ್ನು ಮಕ್ಕಳಿಗೆ ಹೇಳಬಹುದು.

ಇನ್ನು ಭಾಷೆಯ ಮಾತು. ಗಡಿಯಲ್ಲಿ ವಾಸಿಸುವ ನಮಗೆ ಇದೇ ದೊಡ್ಡ ತೊಡಕು. ಪುಸ್ತಕದಲ್ಲಿ ‘ದ್ಯುತಿಸಂಶ್ಲೇಷಣೆ’, ಮಲಯಾಳ ವಿಡಿಯೋದಲ್ಲಿ ‘ಪ್ರಕಾಶಸಂಶ್ಲೇಷಣಂ’, ಇಂಗ್ಲಿಷಿನಲ್ಲಿ ‘ಫೋಟೋಸಿಂಥೆಸಿಸ್’. ಮೂರೂ ಒಂದೇ ಎಂದು ಮಗುವಿಗೆ ಯಾರಾದರೂ ಹೇಳಬೇಕಲ್ಲ! ಒಂದು ಸುಲಭ ಉಪಾಯವಿದೆ. ವಿಡಿಯೋದ ಧ್ವನಿ ಬಂದ್ ಮಾಡಿ, ಚಿತ್ರ ಮಾತ್ರ ನೋಡುತ್ತಾ ಏನು ನಡೆಯುತ್ತಿದೆಯೆಂದು ಮಗುವೇ ಕನ್ನಡದಲ್ಲಿ ಹೇಳಲಿ. ಮನೆಯಲ್ಲಿ ಕೊಂಕಣಿಯೋ ತುಳುವೋ ಆಡುವುದಾದರೆ ಅದರಲ್ಲೇ ಹೇಳಲಿ. ಆಮೇಲೆ ಧ್ವನಿ ಹಾಕಿ ಇನ್ನೊಮ್ಮೆ ನೋಡಿ. ತನ್ನ ಮಾತಿನಲ್ಲಿ ಹೇಳಲು ಬಂದರೆ ಅರ್ಥವಾಗಿದೆ, ಬಾರದಿದ್ದರೆ ಎಲ್ಲಿ ತಡವರಿಸುತ್ತದೋ ಅಲ್ಲಿಗೆ ಹಿಂದೆ ಹೋಗಿ. ಇದಕ್ಕೆ ತಾಯಿಗೆ ಇಂಗ್ಲಿಷ್ ಬೇಕಿಲ್ಲ, ವಿಜ್ಞಾನದ ಪದವಿಯೂ ಬೇಕಿಲ್ಲ. ಟ್ಯೂಷನ್ನಿನವರಿಗೆ ಇಷ್ಟು ತಾಳ್ಮೆ ಇರುವುದು ಅಪರೂಪ ಎಂದು ನನಗನಿಸುತ್ತದೆ.

ಯಾವ ವಿಡಿಯೋ ಆರಿಸಬೇಕು? ಚಿಕ್ಕದಾಗಿರಲಿ, ಅದರಲ್ಲಿ ತೋರಿಸುವ ಸಾಮಾನು ಮನೆಯಲ್ಲೇ ಸಿಗುವಂತಿರಲಿ. ಒಂದು ಮುಗಿದೊಡನೆ ತಾನಾಗಿಯೇ ಇನ್ನೊಂದು ಶುರುವಾಗುವುದನ್ನು ಬಂದ್ ಮಾಡಿಡಿ. ಇಲ್ಲದಿದ್ದರೆ ವಿಜ್ಞಾನದಿಂದ ಹೊರಟವನು ಅರ್ಧ ಗಂಟೆಯಲ್ಲಿ ಕಾರ್ಟೂನಿಗೆ ತಲುಪಿರುತ್ತಾನೆ. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ, ಕಸದಿಂದ ಆಟಿಕೆ ಮಾಡುತ್ತಾ ಮಕ್ಕಳಿಗೆ ವಿಜ್ಞಾನ ಕಲಿಸಲು ಬದುಕು ಮುಡಿಪಾಗಿಟ್ಟ ಅರವಿಂದ ಗುಪ್ತ ಅವರ ವಿಡಿಯೋಗಳು ಇದಕ್ಕೆ ಹೇಳಿಮಾಡಿಸಿದಂತಿವೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪುಣೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅವರ ತಂಡ ತಯಾರಿಸಿದ ಈ ವಿಡಿಯೋಗಳು ಹೆಚ್ಚಾಗಿ ಒಂದೆರಡು ನಿಮಿಷದವು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಕೆಲವು ಸಿಗುತ್ತವೆ.

ಮೊದಲಿಗೆ ಅವರ ಕೊಳವೆಯ ಪೀಪಿಯನ್ನು ಮಾಡಿನೋಡಿ. ಎಳನೀರು ಕುಡಿಯುವ ಪ್ಲಾಸ್ಟಿಕ್ ಕೊಳವೆಯ ಒಂದು ತುದಿಯನ್ನು ಹಲ್ಲಿನಿಂದ ಚಪ್ಪಟೆ ಮಾಡಿ, ಎರಡೂ ಬದಿ ಓರೆಯಾಗಿ ಕತ್ತರಿಸಿ ಊದಿದರೆ ಪೀಪಿ ಕೂಗುತ್ತದೆ. ಊದುತ್ತಿರುವಾಗಲೇ ಇನ್ನೊಂದು ತುದಿಯನ್ನು ಚೂರುಚೂರಾಗಿ ಕತ್ತರಿಸುತ್ತಾ ಬಂದರೆ ಸ್ವರ ಏರುತ್ತಾ ಹೋಗುತ್ತದೆ. ತೆಂಗಿನ ಗರಿಯಲ್ಲಿ ಪೀಪಿ ಸುತ್ತಿ ಊದಿದ ಅಜ್ಜ ಮನೆಯಲ್ಲಿದ್ದರೆ ಅವರನ್ನೂ ಕರೆಯಿರಿ. ಉದ್ದದ ಪೀಪಿಗೂ ಗಿಡ್ಡ ಪೀಪಿಗೂ ಸ್ವರ ಬೇರೆಯಾಗುವುದು ಯಾಕೆಂದು ಮೊಮ್ಮಗಳು ಅವರನ್ನೇ ಕೇಳಲಿ.