ಮಾರುತ್‌ನಿಂದ ತೇಜಸ್‌ವರೆಗೆ: ಜೆಟ್ ಯುದ್ಧವಿಮಾನಗಳಲ್ಲಿ ಭೌತವಿಜ್ಞಾನ

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಎಚ್‌ಎಎಲ್ ಸಂಸ್ಥೆಯ ವಿಮಾನ ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಶಿಕ್ಷಕರಿಗೆ ನನ್ನದೊಂದು ಸಲಹೆ. ಅಲ್ಲಿರುವ 'ಎಚ್‌ಎಫ್-24 ಮಾರುತ್' ವಿಮಾನದ ಮೂತಿಯ ಮುಂದೆ ಫೋಟೊ ತೆಗೆಸಿಕೊಂಡು ಮುಂದಕ್ಕೆ ಹೋಗಿಬಿಡಬೇಡಿ. ಸ್ವಲ್ಪ ಓರೆಯಾಗಿ ನಿಂತು, ರೆಕ್ಕೆಯು ಒಡಲನ್ನು ಕೂಡುವ ಭಾಗವನ್ನು ಗಮನಿಸಿ. ಅಲ್ಲಿ ಒಡಲು ನೇರ ಕೊಳವೆಯಂತಿಲ್ಲ. ನಡುವನ್ನು ಹಿಡಿದು ಒಳಕ್ಕೆ ಅದುಮಿದಂತಿದೆ. ಅದು ಅಲಂಕಾರಕ್ಕಾಗಿ ಮಾಡಿದ್ದಲ್ಲ. ಈ ವಿಮಾನವು ಶಬ್ದಕ್ಕಿಂತ ವೇಗವಾಗಿ ಹಾರಬೇಕೆಂದು ಅದರ ವಿನ್ಯಾಸಕಾರರು ಬಯಸಿದ್ದರು ಎಂಬುದಕ್ಕೆ ಅದು ಸಾಕ್ಷಿ. ಆದರೆ ಮಾರುತ್ ಸಮತಲ ಹಾರಾಟದಲ್ಲಿ ಎಂದೂ ಶಬ್ದದ ವೇಗವನ್ನು ದಾಟಲಿಲ್ಲ. ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಪದವಿಪೂರ್ವ ತರಗತಿಯ ಭೌತಶಾಸ್ತ್ರದ ಅರ್ಧ ಪುಸ್ತಕವನ್ನೇ ತಿರುವಿಹಾಕಬೇಕಾಗುತ್ತದೆ.

ಮೊದಲು ಎಂಜಿನ್ನಿನ ಮಾತು. ಜೆಟ್ ಎಂಜಿನ್ನಿನ ತತ್ತ್ವ ನಿಮಗೆ ಗೊತ್ತೇ ಇದೆ. ಅದು ಮುಂದಿನಿಂದ ಗಾಳಿಯನ್ನು ನುಂಗಿ, ಒತ್ತಿ, ಇಂಧನದೊಡನೆ ಉರಿಸಿ, ಹೆಚ್ಚಿನ ವೇಗದಲ್ಲಿ ಹಿಂದಕ್ಕೆ ಉಗುಳುತ್ತದೆ. ಗಾಳಿಯ ಸಂವೇಗವು ಸೆಕೆಂಡಿಗೆ ಎಷ್ಟು ಹೆಚ್ಚಿತೋ ಅಷ್ಟು ನೂಕುಬಲ ವಿಮಾನಕ್ಕೆ ದೊರೆಯುತ್ತದೆ. ನಿಂತಿರುವ ವಿಮಾನದ ಎಂಜಿನ್ ಸೆಕೆಂಡಿಗೆ 40 ಕಿಲೋಗ್ರಾಂ ಗಾಳಿಯನ್ನು ಎಳೆದುಕೊಂಡು, ಸೆಕೆಂಡಿಗೆ 550 ಮೀಟರ್ ವೇಗದಲ್ಲಿ ಹೊರಹಾಕಿತೆನ್ನಿ. ನೂಕುಬಲ 40 × 550, ಅಂದರೆ 22,000 ನ್ಯೂಟನ್. ನಲವತ್ತು ಕಿಲೋಗ್ರಾಂ ಗಾಳಿ ಎಂದರೆ ಸುಮಾರು 33 ಘನ ಮೀಟರ್. ಒಂದು ಸಣ್ಣ ಕೋಣೆಯ ಗಾಳಿಯೆಲ್ಲ ಒಂದೇ ಸೆಕೆಂಡಿನಲ್ಲಿ ಖಾಲಿ!

ಈ ಕಲ್ಪನೆ 1930ರ ದಶಕದ್ದು. ಬ್ರಿಟನ್ನಿನಲ್ಲಿ ಫ್ರಾಂಕ್ ವಿಟಲ್, ಜರ್ಮನಿಯಲ್ಲಿ ಹಾನ್ಸ್ ಫಾನ್ ಓಹೈನ್ ಒಬ್ಬರಿಗೊಬ್ಬರು ಅರಿಯದಂತೆ ಇದರ ಮೇಲೆ ದುಡಿದರು. 1939ರ ಆಗಸ್ಟ್ 27ರಂದು ಜರ್ಮನಿಯ ಹೈಂಕೆಲ್-178 ಹಾರಿತು. ವಿಟಲ್ ಎಂಜಿನ್ ಹೊತ್ತ ಬ್ರಿಟಿಷ್ ವಿಮಾನ 1941ರ ಮೇ 15ರಂದು ಹಾರಿತು.

ನಾನು ಮೇಲೆ ಕೊಟ್ಟ 22,000 ನ್ಯೂಟನ್ ಬರಿಯ ಲೆಕ್ಕದ ಸಂಖ್ಯೆಯಲ್ಲ. 'ಆರ್ಫಿಯಸ್' ಎಂಬ ಬ್ರಿಟಿಷ್ ಎಂಜಿನ್ನಿನ ನೂಕುಬಲ ಅದರ ಆಸುಪಾಸಿನಲ್ಲೇ ಇತ್ತು. ಇದೇ ವಂಶದ ಎಂಜಿನ್ನು ಬೆಂಗಳೂರಿನಲ್ಲಿ ತಯಾರಾದ ಎರಡು ಯುದ್ಧವಿಮಾನಗಳಲ್ಲಿ ಕೂತಿತ್ತು: ನ್ಯಾಟ್‌ನಲ್ಲಿ ಒಂದು, ಮಾರುತ್‌ನಲ್ಲಿ ಎರಡು. ನ್ಯಾಟ್‌ನ ಹಾರಾಟದ ತೂಕ ಸುಮಾರು 3 ಟನ್. ಮಾರುತ್‌ನದು ಸುಮಾರು 9 ಟನ್. ಅಂದರೆ ತೂಕ ಮೂರು ಪಟ್ಟು, ನೂಕುಬಲ ಎರಡೇ ಪಟ್ಟು! ನೂಕುಬಲವನ್ನು ತೂಕದಿಂದ ಭಾಗಿಸಿ ನೋಡಿ. ನ್ಯಾಟ್‌ಗೆ ಸುಮಾರು 0.7 ಬರುತ್ತದೆ, ಮಾರುತ್‌ಗೆ 0.5ಕ್ಕೂ ತುಸು ಕಡಿಮೆ. ವಿಮಾನ ಎಷ್ಟು ಚುರುಕಾಗಿ ಮೇಲೇರಬಲ್ಲದು, ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಎಷ್ಟು ಬೇಗ ಮರಳಿ ಪಡೆಯಬಲ್ಲದು ಎಂಬುದನ್ನು ಈ ಸಂಖ್ಯೆ ಬಹುಮಟ್ಟಿಗೆ ಹೇಳಿಬಿಡುತ್ತದೆ. ಡಬ್ಲ್ಯು. ಇ. ಡಬ್ಲ್ಯು. ಪೆಟರ್ ವಿನ್ಯಾಸಗೊಳಿಸಿದ ಪುಟ್ಟ ನ್ಯಾಟ್ 1965ರ ಯುದ್ಧದಲ್ಲಿ ಸೇಬರ್ ವಿಮಾನಗಳನ್ನು ಕಾಡಿದ್ದರ ಹಿಂದೆ ಪೈಲಟ್‌ಗಳ ಕೆಚ್ಚಿನೊಡನೆ ಈ ಭಾಗಾಕಾರವೂ ಇದೆ. ಗಾತ್ರ ಚಿಕ್ಕದಾದ್ದರಿಂದ ಅದು ಕಣ್ಣಿಗೂ ಬೇಗ ಬೀಳುತ್ತಿರಲಿಲ್ಲ.

ಹಾಗಾದರೆ ಮಾರುತ್ ಕೆಟ್ಟ ವಿಮಾನವೇ? ಖಂಡಿತ ಅಲ್ಲ. ಆಕಾರದ ಸೊಗಸಿನಲ್ಲಿ ನನ್ನ ಮೊದಲ ಮತ ಸಿಡ್ನಿ ಕ್ಯಾಮ್ ರೂಪಿಸಿದ ಹಂಟರ್ ವಿಮಾನಕ್ಕೆ, ಎರಡನೆಯದು ಮಾರುತ್‌ಗೆ. ಇದರ ಮುಖ್ಯ ವಿನ್ಯಾಸಕಾರ ಕುರ್ಟ್ ಟಾಂಕ್, ಎರಡನೆಯ ಮಹಾಯುದ್ಧದ ಪ್ರಸಿದ್ಧ ಫೋಕೆವುಲ್ಫ್-190 ವಿಮಾನದ ಜನಕ. 1956ರಲ್ಲಿ ಅವರು ಬೆಂಗಳೂರಿಗೆ ಬಂದು ಇಲ್ಲಿನ ಎಂಜಿನಿಯರುಗಳೊಡನೆ ಕೆಲಸ ಆರಂಭಿಸಿದರು. ಮೊದಲು ಅದೇ ಆಕಾರದ, ಅದೇ ಗಾತ್ರದ, ಎಂಜಿನ್ನಿಲ್ಲದ ಮರದ ಗ್ಲೈಡರ್ ಕಟ್ಟಿ 1959ರಲ್ಲಿ ಹಾರಿಸಿ ನೋಡಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ನಿಜವಾದ ವಿಮಾನವನ್ನು ಹಾರಿಸಿದರು.

ಸಣ್ಣ ನಡುವಿನ ಗುಟ್ಟು

ಶಬ್ದದ ವೇಗ ನೆಲಮಟ್ಟದಲ್ಲಿ ಗಂಟೆಗೆ ಸುಮಾರು 1,225 ಕಿಲೋಮೀಟರ್. 11 ಕಿಲೋಮೀಟರ್ ಎತ್ತರದ ಚಳಿಯಲ್ಲಿ ಅದು 1,060ಕ್ಕೆ ಇಳಿಯುತ್ತದೆ. ವಿಮಾನದ ವೇಗವನ್ನು ಅಲ್ಲಿನ ಶಬ್ದವೇಗದಿಂದ ಭಾಗಿಸಿದರೆ ಬರುವುದೇ ಮಾಕ್ ಸಂಖ್ಯೆ. ನಿಧಾನವಾಗಿ ಹಾರುವ ವಿಮಾನದ ಮುಂದಿನ ಗಾಳಿಗೆ ಅದು ಬರುತ್ತಿರುವ ಸುದ್ದಿ ಒತ್ತಡದ ಅಲೆಗಳ ಮೂಲಕ ಮೊದಲೇ ಮುಟ್ಟುತ್ತದೆ; ಗಾಳಿ ದಾರಿ ಬಿಡುತ್ತದೆ. ಮಾಕ್ 1ರ ಹತ್ತಿರ ಸುದ್ದಿಯೂ ವಿಮಾನವೂ ಒಟ್ಟಿಗೇ ಬರುತ್ತವೆ! ಆಗ ಗಾಳಿ ಒಮ್ಮೆಲೇ ಒತ್ತಲ್ಪಟ್ಟು ಆಘಾತ ತರಂಗಗಳು ಹುಟ್ಟುತ್ತವೆ, ಎಳೆತ ಥಟ್ಟನೆ ಏರುತ್ತದೆ.

ಇದಕ್ಕೆ ಒಂದು ಉಪಾಯ ಹಿಂದಕ್ಕೆ ಬಾಗಿದ ರೆಕ್ಕೆ. ಜರ್ಮನಿಯ ಅಡಾಲ್ಫ್ ಬೂಸೆಮಾನ್ 1935ರಲ್ಲಿ ರೋಮ್‌ನ ವಿಜ್ಞಾನ ಸಮ್ಮೇಳನದಲ್ಲಿ ಇದನ್ನು ಸೂಚಿಸಿದರು. ರೆಕ್ಕೆಯ ಅಂಚಿಗೆ ಲಂಬವಾದ ಗಾಳಿಯ ವೇಗಾಂಶ ಮಾತ್ರ ಮುಖ್ಯವೆಂದುಕೊಂಡರೆ, ಬಾಗಿದ ಕೋನದ ಕೊಸೈನ್‌ನಿಂದ ವೇಗವನ್ನು ಗುಣಿಸಿದರಾಯಿತು. ಮಾರುತ್‌ನ ರೆಕ್ಕೆ ಸುಮಾರು 45 ಡಿಗ್ರಿ ಬಾಗಿದೆ. ಮಾಕ್ 0.95ರಲ್ಲಿ ಹಾರುವಾಗ ರೆಕ್ಕೆಗೆ 'ಅನುಭವ'ವಾಗುವುದು 0.67 ಮಾತ್ರ. ಸದಿಶಗಳನ್ನು ಬಿಡಿಸುವುದು ಯಾವ ಪ್ರಯೋಜನಕ್ಕೆ ಎಂದು ಕೇಳುವ ವಿದ್ಯಾರ್ಥಿಗೆ ಇದನ್ನು ತೋರಿಸಬಹುದು.

ಆದರೆ ಇಷ್ಟು ಸಾಲದು. ಅಮೆರಿಕದ ಕಾನ್ವೇರ್ ಕಂಪನಿ ತ್ರಿಕೋನ ರೆಕ್ಕೆಯ ವೈಎಫ್-102 ವಿಮಾನವನ್ನು 1953ರಲ್ಲಿ ಹಾರಿಸಿತು. ಶಬ್ದಾತೀತ ವೇಗಕ್ಕೆಂದೇ ಮಾಡಿದ ಆ ವಿಮಾನ ಸಮತಲ ಹಾರಾಟದಲ್ಲಿ ಮಾಕ್ 1ನ್ನು ದಾಟಲು ನಿರಾಕರಿಸಿತು. ಕಾರಣ ಕಂಡುಹಿಡಿದವರು ಲ್ಯಾಂಗ್ಲೆ ಪ್ರಯೋಗಾಲಯದ ರಿಚರ್ಡ್ ವಿಟ್‌ಕಾಂಬ್. ಮಾಕ್ 1ರ ಸುತ್ತಮುತ್ತ ಗಾಳಿಗೆ ರೆಕ್ಕೆ ಬೇರೆ, ಒಡಲು ಬೇರೆ ಎಂಬ ಭೇದ ತಿಳಿಯುವುದಿಲ್ಲ. ಮೂತಿಯಿಂದ ಬಾಲದವರೆಗೆ ಇಡೀ ವಿಮಾನದ ಅಡ್ಡಕೊಯ್ತದ ವಿಸ್ತೀರ್ಣ ಎಷ್ಟು ನಯವಾಗಿ ಹೆಚ್ಚಿ ಎಷ್ಟು ನಯವಾಗಿ ಇಳಿಯುತ್ತದೆ ಎಂಬುದಷ್ಟೇ ಅದಕ್ಕೆ ಮುಖ್ಯ. ರೆಕ್ಕೆ ಆರಂಭವಾಗುವಲ್ಲಿ ವಿಸ್ತೀರ್ಣ ತಟಕ್ಕನೆ ಏರುತ್ತದಷ್ಟೆ? ಅಲ್ಲಿ ಒಡಲನ್ನು ಅಷ್ಟೇ ಸಣ್ಣದು ಮಾಡಿದರೆ ಲೆಕ್ಕ ಸರಿಹೋಗುತ್ತದೆ. 1952ರ ಈ 'ವಿಸ್ತೀರ್ಣ ನಿಯಮ'ದಂತೆ ಒಡಲನ್ನು ತಿದ್ದಿದ ವಿಮಾನ 1954ರ ಡಿಸೆಂಬರ್‌ನಲ್ಲಿ ಶಬ್ದವೇಗವನ್ನು ದಾಟಿತು.

ತರಗತಿಯಲ್ಲಿ ಇದನ್ನು ಮಾಡಿ ತೋರಿಸಬಹುದು. ಜೇಡಿಮಣ್ಣಿನಲ್ಲಿ ಎರಡು ವಿಮಾನ ಮಾಡಿಸಿ. ಒಂದಕ್ಕೆ ನೇರ ಒಡಲು, ಇನ್ನೊಂದಕ್ಕೆ ಸಣ್ಣ ನಡು. ಮೂತಿಯಿಂದ ಬಾಲದವರೆಗೆ ಒಂದೊಂದು ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕೊಯ್ದು ಪ್ರತಿ ಬಿಲ್ಲೆಯನ್ನು ತಕ್ಕಡಿಯಲ್ಲಿ ತೂಗಿ. ದಪ್ಪ ಒಂದೇ ಆದ್ದರಿಂದ ತೂಕ ವಿಸ್ತೀರ್ಣಕ್ಕೆ ಸಮಾನುಪಾತದಲ್ಲಿರುತ್ತದೆ. ಗ್ರಾಫ್ ಎಳೆದರೆ ಮೊದಲನೆಯದರಲ್ಲಿ ದಿಬ್ಬ, ಎರಡನೆಯದರಲ್ಲಿ ನಯವಾದ ಗುಡ್ಡ.

ಮಾರುತ್‌ಗೆ ಬಾಗಿದ ರೆಕ್ಕೆಯೂ ಇತ್ತು, ಸಣ್ಣ ನಡುವೂ ಇತ್ತು. ಇಲ್ಲದ್ದು ಎಂಜಿನ್. ಗುರಿ ಮಾಕ್ 2ರ ಆಸುಪಾಸು. ಅದಕ್ಕೆ ನೆಚ್ಚಿಕೊಂಡಿದ್ದುದು ಆರ್ಫಿಯಸ್‌ನ ಹೆಚ್ಚು ಬಲದ, ಮರುದಹನ ವ್ಯವಸ್ಥೆಯಿರುವ ಇನ್ನೊಂದು ಮಾದರಿಯನ್ನು. ಅದನ್ನು ಅಭಿವೃದ್ಧಿಪಡಿಸಲು ಬ್ರಿಟನ್ ಹಣ ಹಾಕಲಿಲ್ಲ, ನಾವೂ ಹಾಕಲಿಲ್ಲ. ಮರುದಹನವೆಂದರೆ ಟರ್ಬೈನ್ ದಾಟಿ ಬಂದ ಬಿಸಿ ಅನಿಲದಲ್ಲಿ ಉಳಿದಿರುವ ಆಮ್ಲಜನಕಕ್ಕೆ ಮತ್ತೆ ಇಂಧನ ಸಿಂಪಡಿಸಿ ಉರಿಸುವುದು. ಅನಿಲದ ನಿರಪೇಕ್ಷ ತಾಪ ಎರಡು ಪಟ್ಟಾದರೆ ಹೊರಬರುವ ವೇಗ ಸುಮಾರು 1.4 ಪಟ್ಟಾಗುತ್ತದೆ, ನೂಕುಬಲವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಇಂಧನ ಮಾತ್ರ ನೀರಿನಂತೆ ಖರ್ಚಾಗುತ್ತದೆ.

ಈಜಿಪ್ಟಿನ ಇ-300 ಎಂಜಿನ್ನನ್ನು 1967ರಲ್ಲಿ ಒಂದು ಮಾರುತ್‌ಗೆ ಕೂರಿಸಿ ಅಲ್ಲಿಯೇ ಪರೀಕ್ಷಿಸಿದರು. ಆ ಯೋಜನೆಯೂ ನಿಂತುಹೋಯಿತು. ಕೊನೆಗೆ ಇದ್ದ ಆರ್ಫಿಯಸ್‌ಗೇ ಮರುದಹನ ಜೋಡಿಸುವ ಕೆಲಸವನ್ನು ಬೆಂಗಳೂರಿನ ಜಿಟಿಆರ್‌ಇ ಕೈಗೊಂಡಿತು. ಅಂಥ ಒಂದು ವಿಮಾನವನ್ನು ಪರೀಕ್ಷಿಸುವಾಗಲೇ 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಅಪಘಾತವಾಗಿ ಸುರಂಜನ್ ದಾಸ್ ತೀರಿಕೊಂಡರು. ಹಳೆಯ ವಿಮಾನ ನಿಲ್ದಾಣ ರಸ್ತೆಯನ್ನು ಹಳೆಯ ಮದರಾಸು ರಸ್ತೆಗೆ ಸೇರಿಸುವ ರಸ್ತೆಗೆ ಅವರ ಹೆಸರಿದೆ. ದಿನವೂ ಅಲ್ಲಿ ಬಸ್ಸಿನಲ್ಲಿ ಓಡಾಡುವವರಲ್ಲಿ ಆ ಹೆಸರು ಯಾರದೆಂದು ಎಷ್ಟು ಜನ ಬಲ್ಲರೋ!

ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ಪಶ್ಚಿಮದ ಮರುಭೂಮಿ ರಂಗದಲ್ಲಿ ನೆಲದ ಗುರಿಗಳ ಮೇಲೆ ದಾಳಿ ಮಾಡಿ ತಮ್ಮ ಗಟ್ಟಿತನವನ್ನು ತೋರಿಸಿದವು. 1990ರ ವೇಳೆಗೆ ಎಲ್ಲವೂ ಸೇವೆಯಿಂದ ಮರೆಯಾಗಿದ್ದವು. ಶಬ್ದಾತೀತ ವೇಗದ ಅಗತ್ಯವನ್ನು ನಮ್ಮ ವಾಯುಪಡೆಗೆ ಪೂರೈಸಿದ್ದು 1963ರಲ್ಲಿ ಬಂದ ರಷ್ಯದ ಮಿಗ್-21. ಅದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆಯಿತು.

ಬೇಕೆಂದೇ ಅಸ್ಥಿರ

ಇನ್ನು ತೇಜಸ್. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಬೆಂಗಳೂರಿನಲ್ಲಿ ಇದನ್ನು ಮೊದಲ ಬಾರಿಗೆ ಹಾರಿಸಿದರು. ಇದರಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಎಂದರೆ, ಇದನ್ನು ಬೇಕೆಂದೇ ಅಸ್ಥಿರವಾಗಿ ಕಟ್ಟಿದ್ದಾರೆ!

ಹಳೆಯ ವಿಮಾನಗಳಲ್ಲಿ ಗುರುತ್ವ ಕೇಂದ್ರವು ಎತ್ತುಬಲದ ಕೇಂದ್ರಕ್ಕಿಂತ ಮುಂದಿರುತ್ತದೆ. ಗಾಳಿಯ ಹೊಡೆತಕ್ಕೆ ಮೂತಿ ಎದ್ದರೆ ತಾನಾಗಿಯೇ ಇಳಿಯುತ್ತದೆ, ಬಾಣದ ಹಾಗೆ. ಆದರೆ ಈ ಭದ್ರತೆಗೆ ಬೆಲೆ ತೆರಬೇಕು. ಮೂತಿ ಕೆಳಗೆ ಜಗ್ಗದಂತೆ ಬಾಲವು ಸದಾ ಕೆಳಮುಖವಾಗಿ ಒತ್ತುತ್ತಿರಬೇಕು. ಆ ಬಲ ಎತ್ತುಬಲವನ್ನು ಅಷ್ಟು ತಿಂದುಹಾಕುತ್ತದೆ. ತೇಜಸ್‌ನಂತೆ ಬಾಲರೆಕ್ಕೆಯಿಲ್ಲದ ತ್ರಿಕೋನ ರೆಕ್ಕೆಯ ವಿಮಾನದಲ್ಲಿ ರೆಕ್ಕೆಯ ಹಿಂಚಿನ ಪಟ್ಟಿಗಳೇ ಈ ಕೆಲಸ ಮಾಡಬೇಕಾದ್ದರಿಂದ ನಷ್ಟ ಇನ್ನೂ ಹೆಚ್ಚು. ಗುರುತ್ವ ಕೇಂದ್ರವನ್ನು ಹಿಂದಕ್ಕೆ ಸರಿಸಿಬಿಟ್ಟರೆ ಅದೇ ಪಟ್ಟಿಗಳು ಕೆಳಕ್ಕೆ ಬಾಗಿ ಎತ್ತುಬಲಕ್ಕೆ ನೆರವಾಗುತ್ತವೆ. ವಿಮಾನ ಚಿಕ್ಕದಾಗಬಹುದು, ಚುರುಕಾಗಬಹುದು. ಆದರೆ ಈಗ ಮೂತಿ ತುಸು ಎದ್ದರೆ ಇನ್ನೂ ಏಳುತ್ತದೆ.

ಒಂದು ಮೀಟರ್ ಕೋಲನ್ನು ಬೆರಳ ತುದಿಯಲ್ಲಿ ನಿಲ್ಲಿಸಲು ಯತ್ನಿಸಿ; ಸ್ವಲ್ಪ ಅಭ್ಯಾಸದಿಂದ ಸಾಧ್ಯ. ಈಗ ಪೆನ್ಸಿಲ್ಲನ್ನು ನಿಲ್ಲಿಸಿ, ಆಗುವುದಿಲ್ಲ. ಬೀಳುತ್ತಿರುವ ಕೋಲಿನ ಓರೆ ಸುಮಾರು 2.7 ಪಟ್ಟು ಬೆಳೆಯಲು ಹಿಡಿಯುವ ಕಾಲ 2L/3g ಎಂಬುದರ ವರ್ಗಮೂಲ. ಮೀಟರ್ ಕೋಲಿಗೆ ಇದು 0.26 ಸೆಕೆಂಡು, 15 ಸೆಂಟಿಮೀಟರ್ ಪೆನ್ಸಿಲ್ಲಿಗೆ 0.10 ಸೆಕೆಂಡು. ನಿಮ್ಮ ಪ್ರತಿಕ್ರಿಯೆಯ ಕಾಲವೆಷ್ಟು? ಗೆಳೆಯರೊಬ್ಬರು ಬಿಟ್ಟ ಅಳತೆಪಟ್ಟಿಯನ್ನು ಬೆರಳುಗಳ ನಡುವೆ ಹಿಡಿಯಿರಿ. 20 ಸೆಂಟಿಮೀಟರ್ ಜಾರಿದ್ದರೆ 0.2 ಸೆಕೆಂಡು. ಕೋಲಿಗೆ ಸಾಕು, ಪೆನ್ಸಿಲ್ಲಿಗೆ ಸಾಲದು. ಅಸ್ಥಿರ ವಿಮಾನ ಪೆನ್ಸಿಲ್ಲಿನ ಜಾತಿಯದು. ಅದನ್ನು ಮನುಷ್ಯನ ಕೈಯೊಂದೇ ಹಿಡಿದಿಡಲಾರದು. ಹಾಗಾಗಿ ಪೈಲಟ್ ಹಿಡಿಕೆಯಿಂದ ಕೊಡುವುದು ತನ್ನ ಇಚ್ಛೆಯನ್ನು ಮಾತ್ರ. ಸಂವೇದಕಗಳಿಂದ ಸೆಕೆಂಡಿಗೆ ಹಲವು ಬಾರಿ ಮಾಹಿತಿ ಪಡೆದು ಪಟ್ಟಿಗಳನ್ನು ಆಡಿಸುವುದು ಕಂಪ್ಯೂಟರ್. ಒಂದು ಕೆಟ್ಟರೂ ವಿಮಾನ ಉಳಿಯಲೆಂದು ತೇಜಸ್‌ನಲ್ಲಿ ಈ ವ್ಯವಸ್ಥೆಯ ನಾಲ್ಕು ಸಮಾನಾಂತರ ಸರಣಿಗಳಿವೆ.

1998ರ ಪೋಖರಣ್ ಪರೀಕ್ಷೆಯ ಬಳಿಕ ಅಮೆರಿಕ ನಿರ್ಬಂಧ ಹೇರಿದಾಗ ಈ ನಿಯಂತ್ರಣ ವ್ಯವಸ್ಥೆಗೆ ಸಿಗುತ್ತಿದ್ದ ಅಲ್ಲಿನ ಸಹಯೋಗ ನಿಂತುಹೋಯಿತು. ಇಲ್ಲಿನ ತಂಡ ಅದನ್ನು ತಾನೇ ಪೂರ್ಣಗೊಳಿಸಿತು. ಅಂದರೆ ಗಣಿತ ನಮಗೆ ಒಲಿಯಿತು. ಲೋಹ ಇನ್ನೂ ಪೂರ್ತಿ ಒಲಿದಿಲ್ಲ.

ತೇಜಸ್‌ಗೆಂದು ಜಿಟಿಆರ್‌ಇಯಲ್ಲಿ 1989ರಲ್ಲಿ ಮಂಜೂರಾದ 'ಕಾವೇರಿ' ಎಂಜಿನ್ನಿನ ಗುರಿ ಮರುದಹನದೊಡನೆ 81 ಕಿಲೋನ್ಯೂಟನ್. ಆ ಗುರಿ ಕೈಗೂಡದೆ 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. ಈಗ ತೇಜಸ್ ಹಾರುವುದು ಅಮೆರಿಕದ ಎಫ್-404 ಎಂಜಿನ್ನಿನಿಂದ. ಸುಮಾರು 84 ಕಿಲೋನ್ಯೂಟನ್ ನೂಕುಬಲ, 9.8 ಟನ್ ತೂಕ, ಅನುಪಾತ 0.87. ಮಾರುತ್‌ನ ಸಂಖ್ಯೆಯೊಡನೆ ಹೋಲಿಸಿ ನೋಡಿ. ಆದರೆ 2021ರಲ್ಲಿ ಬೇಡಿಕೆಯಿಟ್ಟ 99 ಎಂಜಿನ್ನುಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ.

ಎಂಜಿನ್ ಮಾಡುವುದು ಅಷ್ಟು ಕಷ್ಟವೇಕೆ? ಟರ್ಬೈನಿನ ಒಂದು ಅಲಗನ್ನು ಯೋಚಿಸಿ. ತೂಕ 100 ಗ್ರಾಂ, ಅಕ್ಷದಿಂದ ದೂರ 30 ಸೆಂಟಿಮೀಟರ್, ನಿಮಿಷಕ್ಕೆ 10,000 ಸುತ್ತು. ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವದ 33,000 ಪಟ್ಟಿಗೂ ಹೆಚ್ಚು. ಅಂದರೆ ಆ ಅಲಗಿನ ಬುಡ 3.3 ಟನ್ ತೂಕವನ್ನು ಹಿಡಿದಂತೆ ಎಳೆಸಿಕೊಳ್ಳುತ್ತದೆ. ಅದೂ ಎಂಥ ಸ್ಥಿತಿಯಲ್ಲಿ? ಸುತ್ತಲಿನ ಅನಿಲದ ತಾಪ ಅಲಗಿನ ನಿಕಲ್ ಮಿಶ್ರಲೋಹದ ದ್ರವನಬಿಂದುವಿಗಿಂತ ಹೆಚ್ಚಿರುವಾಗ! ಅಲಗಿನೊಳಗೆ ಕೂದಲಿನಂಥ ರಂಧ್ರಗಳಲ್ಲಿ ಗಾಳಿ ಹರಿಸಿ ತಣಿಸಬೇಕು. ಸಾಮಾನ್ಯ ಲೋಹದಲ್ಲಿ ಅಸಂಖ್ಯ ಹರಳುಗಳಿರುತ್ತವೆ. ಬಿಸಿಯಲ್ಲಿ ಎಳೆದಾಗ ಅವುಗಳ ಗಡಿಗಳಲ್ಲೇ ಲೋಹ ಮೆಲ್ಲನೆ ಜಾರಿ ಹಿಗ್ಗುತ್ತದೆ. ಗಡಿಗಳೇ ಇರದಂತೆ ಇಡೀ ಅಲಗನ್ನು ಒಂದೇ ಹರಳಾಗಿ ಬೆಳೆಸಬೇಕು. ದ್ರವ ಲೋಹ ತುಂಬಿದ ಅಚ್ಚನ್ನು ಕುಲುಮೆಯಿಂದ ನಿಧಾನವಾಗಿ ಕೆಳಗಿಳಿಸುತ್ತಾ, ಬುಡದಲ್ಲಿ ಸುರುಳಿ ಸುತ್ತಿದ ಸಣ್ಣ ದಾರಿಯೊಂದರಲ್ಲಿ ಹರಳುಗಳು ಪೈಪೋಟಿ ನಡೆಸಿ ಒಂದೇ ಒಂದು ಮೇಲೇರುವಂತೆ ಮಾಡುತ್ತಾರೆ. ಹೈದರಾಬಾದಿನ ಡಿಎಂಆರ್‌ಎಲ್ ಪ್ರಯೋಗಾಲಯವು ಈ ವಿದ್ಯೆಯನ್ನು ಸಾಧಿಸಿ 2021ರಲ್ಲಿ ಹೆಲಿಕಾಪ್ಟರ್ ಎಂಜಿನ್ನಿಗಾಗಿ ಇಂಥ 60 ಅಲಗುಗಳನ್ನು ಎಚ್‌ಎಎಲ್‌ಗೆ ಒಪ್ಪಿಸಿತು. ಕಾವೇರಿಯ ಮರುದಹನವಿಲ್ಲದ ರೂಪವೊಂದನ್ನು ಪೈಲಟ್‌ರಹಿತ ವಿಮಾನಕ್ಕಾಗಿ ಸಿದ್ಧಪಡಿಸುವ ಕೆಲಸ ಜಿಟಿಆರ್‌ಇಯಲ್ಲಿ ನಡೆದಿದೆ.