ಹಚ್ಚೆ ಯಂತ್ರದ ಬಾಯಲ್ಲಿ ಏನಿದೆ?

ಬನದ ಹುಣ್ಣಿಮೆಗೆ ಬಾದಾಮಿ ಬಳಿಯ ಬನಶಂಕರಿಯಲ್ಲಿ ಜಾತ್ರೆ ನೆರೆಯುತ್ತದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಬಳೆ, ಮಿಠಾಯಿ ಅಂಗಡಿಗಳ ಸಾಲಿನಲ್ಲೇ ಹಚ್ಚೆ ಹಾಕುವವರೂ ಕೂತಿರುತ್ತಾರೆ. ಮೊದಲ ಸಲ ಕೈಯೊಡ್ಡುವವರು ತಲೆ ಕೆಡಿಸಿಕೊಳ್ಳುವುದು ಚಿತ್ರದ ಬಗ್ಗೆ: ಅವ್ವನ ಹೆಸರೋ, ತ್ರಿಶೂಲವೋ, ಚೇಳೋ? ಆದರೆ ನೋಡಬೇಕಾದದ್ದು ಸೂಜಿಯನ್ನು, ಸೂಜಿಗಿಂತ ಹೆಚ್ಚಾಗಿ ಅದು ಅದ್ದುವ ಬಣ್ಣದ ಬಟ್ಟಲನ್ನು. ಏಕೆಂಬುದು ಯಂತ್ರದ ಕೆಲಸ ತಿಳಿದರೆ ಗೊತ್ತಾಗುತ್ತದೆ.

ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಲೇಖನಿ ಕಾಗದಕ್ಕೆ ಸಣ್ಣ ತೂತುಗಳನ್ನು ಕೊರೆಯುತ್ತಿತ್ತು. ಪ್ರತಿ ತೆಗೆಯಲು ಅದು ಬೇಕಿತ್ತು. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಅದೇ ತತ್ವವನ್ನು ಚರ್ಮಕ್ಕೆ ಹೊಂದಿಸಿ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. ನಂತರ ಬಂದ ಸುರುಳಿ ಯಂತ್ರದಲ್ಲಿ ಕರೆಂಟು ಹರಿದೊಡನೆ ತಂತಿಯ ಸುರುಳಿ ಅಯಸ್ಕಾಂತವಾಗಿ ಕಬ್ಬಿಣದ ಪಟ್ಟಿಯನ್ನು ಎಳೆಯುತ್ತದೆ, ಸೂಜಿ ಇಳಿಯುತ್ತದೆ. ಆಗ ಸಂಪರ್ಕ ಕಡಿದು ಸ್ಪ್ರಿಂಗು ಪಟ್ಟಿಯನ್ನು ಮೇಲೆತ್ತುತ್ತದೆ, ಕರೆಂಟು ಮತ್ತೆ ಹರಿಯುತ್ತದೆ. ಹಳೆಯ ಕರೆಗಂಟೆ ಬಾರಿಸುವುದೂ ಹೀಗೆಯೇ. ಇನ್ನೊಂದು ಬಗೆಯಲ್ಲಿ ಪುಟ್ಟ ಮೋಟರು ಸೂಜಿಯನ್ನು ಕುಣಿಸುತ್ತದೆ. ಎರಡರಲ್ಲೂ ಸೂಜಿ ನಿಮಿಷಕ್ಕೆ ಸಾವಿರಾರು ಸಲ ಏರಿಳಿಯಬಲ್ಲದು. ಈ ಸೂಜಿ ಇಂಜೆಕ್ಷನ್ ಸೂಜಿಯ ಹಾಗೆ ಪೊಳ್ಳಲ್ಲ. ಮೊನೆಗಳ ನಡುವೆ ಅಂಟಿ ನಿಂತ ಬಣ್ಣ ಗಾಯದೊಳಗೆ ಇಳಿಯುತ್ತದೆ. ಬಣ್ಣ ಮುಗಿದಾಗ ಸೂಜಿ ಮತ್ತೆ ಬಟ್ಟಲಿಗೆ ಹೋಗುತ್ತದೆ, ಅದರ ಜೊತೆ ಒಂದಿಷ್ಟು ರಕ್ತವೂ. ಹೀಗಾಗಿ ಸೂಜಿ ಹೊಸದಾಗಿದ್ದು ಬಟ್ಟಲು ಹಳೆಯದಾಗಿದ್ದರೆ ಉಪಯೋಗವಿಲ್ಲ.

ರಕ್ತ ಬಾರದಂತೆ ಮೇಲೆಮೇಲೆ ಚುಚ್ಚಿದರಾಗದೇ? ಆಗದು. ಹೊರಚರ್ಮ ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಅಲ್ಲಿ ನಿಂತ ಬಣ್ಣ ಉದುರಿಹೋಗುತ್ತದೆ. ಹಚ್ಚೆ ಉಳಿಯಬೇಕಾದರೆ ಬಣ್ಣ ಒಂದೆರಡು ಮಿಲಿಮೀಟರ್ ಆಳಕ್ಕೆ, ರಕ್ತನಾಳಗಳಿರುವ ಒಳಚರ್ಮಕ್ಕೆ ಇಳಿಯಬೇಕು. ಅಲ್ಲಿ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಅರಗಿಸಲಾರವು. ಕೋಶ ಸತ್ತಾಗ ಹೊರಬಿದ್ದ ಕಣಗಳನ್ನು ಹೊಸ ಕೋಶಗಳು ನುಂಗುತ್ತವೆ ಎಂದು ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳಲ್ಲಿ ತೋರಿಸಿದರು. ಅಂದರೆ ಶಾಶ್ವತ ಹಚ್ಚೆ ಯಾವುದೇ ಇರಲಿ, ಅದು ರಕ್ತ ಮುಟ್ಟಿದ ಗಾಯ.

ಹುನಗುಂದ, ಇಳಕಲ್ಲಿನ ಎಷ್ಟೋ ಅಜ್ಜಿಯರ ಮುಂಗೈಯಲ್ಲಿ ಹಸಿರು ಹಚ್ಚೆಯಿದೆ, ಅವರಿಗೇನಾಯಿತು ಎಂದು ಕೇಳುವವರಿದ್ದಾರೆ. ಕೇಳತಕ್ಕ ಮಾತೇ. ಆದರೆ ನಮ್ಮ ಕಣ್ಣಿಗೆ ಬೀಳುವವರು ಬದುಕಿ ಉಳಿದವರು ಮಾತ್ರ. ರಕ್ತದಿಂದ ಹರಡುವ, ಕಾಮಾಲೆ ತರಬಲ್ಲ ಹೆಪಟೈಟಿಸ್ ಸಿ ವೈರಸ್ ಪತ್ತೆಯಾದದ್ದೇ 1989ರಲ್ಲಿ. ಅದು ಯಕೃತ್ತನ್ನು ಕೆಡಿಸಲು ಹತ್ತಾರು ವರ್ಷ ಹಿಡಿಯಬಹುದು. ಕಾಮಾಲೆಗೂ ಹಳೆಯ ಜಾತ್ರೆಗೂ ನಂಟು ಹಚ್ಚುವವರು ಯಾರಿದ್ದರು? ಸೂಜಿಯನ್ನು ಸ್ಪಿರಿಟ್‌ನಲ್ಲಿ ಒರೆಸುತ್ತೇವಲ್ಲ ಎಂಬ ಸಮಾಧಾನವೂ ಸಾಲದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಮರುಬಳಕೆಯ ಲೋಹದ ಹಿಡಿಕೆಯನ್ನು ಆಟೊಕ್ಲೇವ್‌ನಲ್ಲಿ, ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಬೇಕು. ಹಾಗೆಂದು ಜಾತ್ರೆಯ ಬಡವನನ್ನು ದೂರಿ, ಬಾಗಲಕೋಟೆಯ ಗಾಜಿನ ಬಾಗಿಲಿನ ಅಂಗಡಿಯನ್ನು ಕಣ್ಣುಮುಚ್ಚಿ ನಂಬುವುದೂ ಸರಿಯಲ್ಲ. ಏಸಿ ಹಾಕಿದರೆ ವೈರಸ್ ಸಾಯುವುದಿಲ್ಲ. ಸೀಲು ಮಾಡಿದ ಸೂಜಿ, ಹೊಸ ಬಟ್ಟಲು, ಹೊಸ ಕೈಗವಸು ನಿಮ್ಮೆದುರೇ ತೆರೆಯಬೇಕು. ಒಲ್ಲೆನೆಂದರೆ ಎದ್ದು ಬನ್ನಿ.

ತಯಾರಿ ಆರು ತಿಂಗಳ ಮೊದಲೇ ಶುರುವಾದರೆ ಒಳ್ಳೆಯದು. ಬಾಲ್ಯದಲ್ಲಿ ಹೆಪಟೈಟಿಸ್ ಬಿ ಲಸಿಕೆ ಆಗಿರದಿದ್ದರೆ ಸಾಮಾನ್ಯವಾಗಿ ಮೂರು ಡೋಸ್ ಮುಗಿಯಲು ಅಷ್ಟು ಕಾಲ ಬೇಕು. ಹೆಪಟೈಟಿಸ್ ಸಿಗೆ, ಎಚ್‌ಐವಿಗೆ ಲಸಿಕೆಯಿಲ್ಲ. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗಾಯ ಮಾಯ್ದ ಜಾಗ ಉಬ್ಬಿ ಗಂಟಾಗುವ ಚರ್ಮದವರು ಮೊದಲು ವೈದ್ಯರನ್ನು ಕೇಳಲಿ. ಇನ್ನೊಂದು ಮಾತು: ಹಚ್ಚೆ ಹಾಕಿಸಿಕೊಂಡವರಿಂದ ನಮ್ಮ ದೇಶದ ರಕ್ತನಿಧಿಗಳು 12 ತಿಂಗಳು ರಕ್ತ ಪಡೆಯುವಂತಿಲ್ಲ. ರಕ್ತದಾನ ಮಾಡುವ ಮನಸ್ಸಿದ್ದರೆ ಹಚ್ಚೆಗೆ ಮೊದಲೇ ಕೊಟ್ಟು ಬನ್ನಿ.